ಯಲಹಂಕದಲ್ಲಿ ಯಾವ ಏರಿಯಾ ಒಳ್ಳೇದು? ಹಗಲು ಮನೆಯಲ್ಲಿ ಯಾರಿರುತ್ತಾರೆ ಅಂತ ಮೊದಲು ಹೇಳಿ

ಏಪ್ರಿಲ್ ಬಂತೆಂದರೆ ನನಗೆ ಫೋನು ಶುರುವಾಗುತ್ತದೆ. ಊರಿನ ಕಡೆಯವರು, ವರ್ಗವಾಗಿ ಬರುವ ಟೀಚರ್‌ಗಳು, ಮದುವೆಯಾಗಿ ಬೇರೆ ಮನೆ ಮಾಡುವ ಹಳೇ ವಿದ್ಯಾರ್ಥಿಗಳು. ಎಲ್ಲರದ್ದೂ ಒಂದೇ ಪ್ರಶ್ನೆ: "ಮಿಸ್, ಯಲಹಂಕದಲ್ಲಿ ಯಾವ ಏರಿಯಾ ಒಳ್ಳೇದು?"

ನಾನು ಬ್ರೋಕರ್ ಅಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. 2004ರಲ್ಲಿ ತಿಪಟೂರಿನ ಕಡೆಯಿಂದ ಬೆಂಗಳೂರಿನ ಉತ್ತರಕ್ಕಿರುವ ಈ ಯಲಹಂಕಕ್ಕೆ ಬಂದೆವು. ಇಲ್ಲಿ ಇದುವರೆಗೆ ನಾಲ್ಕು ಮನೆಗಳಲ್ಲಿ ಇದ್ದೇವೆ. ಅದರ ಜೊತೆಗೆ 2010ರಲ್ಲಿ ಜನಗಣತಿಯ ಮನೆಪಟ್ಟಿ, 2011ರ ಫೆಬ್ರವರಿಯಲ್ಲಿ ಜನಗಣತಿ, 2015ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ನಡುವೆ ಚುನಾವಣೆಯ ಕೆಲಸ, ಹೀಗೆ ಮನೆ ಮನೆ ಬಾಗಿಲು ತಟ್ಟಿದ್ದೇನೆ. ಮನೆಪಟ್ಟಿಯಲ್ಲಿ ಕುಡಿಯುವ ನೀರು ಮನೆಯ ಆವರಣದಲ್ಲೇ ಸಿಗುತ್ತದಾ, ಹತ್ತಿರ ಇದೆಯಾ, ದೂರ ಹೋಗಬೇಕಾ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಒಂದೇ ರಸ್ತೆಯ ಈ ತುದಿಯ ಮನೆಯವರದ್ದು ಒಂದು ಉತ್ತರ, ಆ ತುದಿಯವರದ್ದು ಇನ್ನೊಂದು. ಆಗಲೇ ನನಗೆ ಅರ್ಥವಾಗಿದ್ದು, ಯಲಹಂಕ ಅಂದರೆ ಒಂದೇ ಊರಲ್ಲ ಅಂತ.

ಹಾಗಾಗಿ ಫೋನು ಮಾಡಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಆ ಮನೆಯಲ್ಲಿ ಯಾರಿರುತ್ತಾರೆ?

ನಾವು ಮೊದಲ ಮನೆ ಮಾಡುವಾಗ ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ. ನಮ್ಮನೆಯವರಿಗೆ ದೊಡ್ಡಬಳ್ಳಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಕಂಪನಿ ಬಸ್ಸು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬರುತ್ತಿತ್ತು. ಆ ರಸ್ತೆಗೆ ಹತ್ತಿರ, ಆಗಷ್ಟೇ ಆದ ಒಂದು ಲೇಔಟ್‌ನಲ್ಲಿ ಮನೆ ಸಿಕ್ಕಿತು. ಹೊಸ ಮನೆ, ಗಾಳಿ ಬೆಳಕು ಚೆನ್ನಾಗಿತ್ತು, ಬಾಡಿಗೆಯೂ ಕಮ್ಮಿ. ಸುತ್ತ ಖಾಲಿ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ. ಅಂಗಡಿಗೆ ಒಂದು ಕಿಲೋಮೀಟರ್ ಹೋಗಬೇಕು. ನಾವಿಬ್ಬರೂ ಎಂಟೂವರೆಗೆ ಹೊರಟರೆ ಬರುವುದು ಸಂಜೆಗೇ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ. ಊರಿನಲ್ಲಿ ಜಗಲಿಯ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ ಮಾತಾಡಿಸಿ ಬದುಕಿದ ಜೀವ ಅದು. ಇಲ್ಲಿ ಹಗಲೆಲ್ಲಾ ಬಾಗಿಲು ಹಾಕಿಕೊಂಡು ಕೂರುವುದು. ಆರೇಳು ತಿಂಗಳಲ್ಲಿ ಅವರ ಮಾತೇ ಕಮ್ಮಿಯಾಯಿತು. ಒಂದು ದಿನ ಸಂಜೆ ನಾನು ಬಂದಾಗ, "ಇವತ್ತು ನೀನೇ ಮೊದಲು ಮಾತಾಡಿದ್ದು ಕಣಮ್ಮ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಂಪನಿ ಬಸ್ಸಿಗೆ ಹತ್ತು ನಿಮಿಷ ಉಳಿಸಲು ಹೋಗಿ ಅವರ ಇಡೀ ದಿನ ಕಳೆದಿದ್ದೆವು.

ಅದಕ್ಕೇ ಹೇಳುವುದು, ಕೆಲಸಕ್ಕೆ ಹೋಗುವವರ ಅನುಕೂಲವನ್ನು ಎರಡನೆಯದಾಗಿ ನೋಡಿ. ಮೊದಲು ಹಗಲು ಮನೆಯಲ್ಲಿರುವವರ ಕಾಲಿಗೆ, ಕಣ್ಣಿಗೆ, ಮಾತಿಗೆ ಏನು ಬೇಕು ಅಂತ ನೋಡಿ. ವಯಸ್ಸಾದವರಿರಬಹುದು, ಸಣ್ಣ ಮಗುವಿನ ತಾಯಿ ಇರಬಹುದು, ಮನೆಯಿಂದಲೇ ಕೆಲಸ ಮಾಡುವ ಮಗ ಇರಬಹುದು. ಇಬ್ಬರೂ ಕೆಲಸಕ್ಕೆ ಹೋಗುವವರಾಗಿದ್ದು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದರೆ ಸರಿ, ಆಗ ರಸ್ತೆ, ರೈಲು ನೋಡಿ ತೀರ್ಮಾನ ಮಾಡಿ.

ಈಗ ಯಲಹಂಕದ ಭಾಗಗಳು.

ಹಳೇ ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಸಂತೆ ಸರ್ಕಲ್ ಸುತ್ತಮುತ್ತ ಈಗಲೂ ಸಣ್ಣ ಓಣಿಗಳು, ಒಂದಕ್ಕೊಂದು ಅಂಟಿದ ಮನೆಗಳು, ಕೆಲವಕ್ಕೆ ಜಗಲಿ ಕೂಡ ಉಂಟು. ಹೂವು, ಹಣ್ಣು, ಬಟ್ಟೆ, ಪಾತ್ರೆ, ಔಷಧಿ, ಎಲ್ಲ ಕಾಲ್ನಡಿಗೆಯಲ್ಲೇ ಸಿಗುತ್ತದೆ. 2006ರಲ್ಲಿ ನಾವು ಅಲ್ಲಿಗೆ ಹೋದೆವು. ಒಂದು ತಿಂಗಳೊಳಗೆ ಅತ್ತೆಗೆ ಬೀದಿಯ ಅರ್ಧ ಜನ ಪರಿಚಯವಾಗಿದ್ದರು. ಆದರೆ ಕಾರು ಇದ್ದವರಿಗೆ ಆ ಓಣಿ ಕಷ್ಟ, ಕೆಲವು ಮನೆಗಳಿಗೆ ಹಗಲಲ್ಲೂ ಲೈಟು ಹಾಕಬೇಕು, ಮೆಟ್ಟಿಲು ತೀರಾ ಕಡಿದು. ಮಂಡಿ ನೋವಿರುವವರಿಗೆ ಅಲ್ಲಿ ನೆಲಮಹಡಿ ಸಿಕ್ಕರೆ ಮಾತ್ರ ತಗೊಳ್ಳಿ.

ಉಪನಗರ, ಅಂದರೆ ನ್ಯೂ ಟೌನ್, ಗೃಹ ಮಂಡಳಿ ಮಾಡಿದ ಬಡಾವಣೆ. ಕಮ್ಮಿ ಆದಾಯದವರಿಗೆ ಎಲ್‌ಐಜಿ, ಮಧ್ಯಮದವರಿಗೆ ಎಂಐಜಿ, ಹೆಚ್ಚಿನವರಿಗೆ ಎಚ್‌ಐಜಿ ಅಂತ ಆಗ ಮನೆಗಳನ್ನು ಹಂಚಿದ್ದರು, ಜನ ಇವತ್ತಿಗೂ ಆ ಹೆಸರಲ್ಲೇ ವಿಳಾಸ ಹೇಳುತ್ತಾರೆ. ರಸ್ತೆಗಳು ನೇರ, ಮರಗಳಿವೆ, ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು ಸಿಗುತ್ತದೆ. ಆದರೆ ಎಲ್‌ಐಜಿ ಸೈಟುಗಳು ತುಂಬಾ ಚಿಕ್ಕವು. ಅಲ್ಲಿ ಈಗ ಮೂರು ನಾಲ್ಕು ಮಹಡಿ ಎದ್ದಿವೆ, ಮಧ್ಯದ ಮನೆಗೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಕಿಟಕಿ ತೆಗೆದು ನೋಡಬೇಕು. ಹಂತ, ಸೆಕ್ಟರ್ ಬದಲಾದ ಹಾಗೆ ರಸ್ತೆಯ ಅಗಲ, ಸದ್ದು, ಬಾಡಿಗೆ ಎಲ್ಲ ಬದಲಾಗುತ್ತದೆ. ನಾವು ಈಗ ಇರುವುದು ಇಲ್ಲೇ, 2018ರಿಂದ.

ಅಟ್ಟೂರು ಲೇಔಟ್, ವೀರಸಾಗರದ ಕಡೆ ಉಪನಗರಕ್ಕಿಂತ ಬಾಡಿಗೆ ಸ್ವಲ್ಪ ಕಮ್ಮಿ, ಸ್ವಂತ ಮನೆ ಕಟ್ಟಿ ಮೇಲಿನ ಮಹಡಿ ಬಾಡಿಗೆಗೆ ಕೊಟ್ಟವರು ಜಾಸ್ತಿ. ಮನೆ ಮಾಲೀಕರು ಕೆಳಗೇ ಇರುತ್ತಾರೆ ಅಂತ ಕೆಲವರು ಬೇಡ ಅನ್ನುತ್ತಾರೆ. ನನ್ನ ಅನುಭವದಲ್ಲಿ ಅದು ಒಳ್ಳೆಯದೇ. ಮೋಟಾರು ಕೆಟ್ಟರೆ ಅವರಿಗೂ ನೀರಿರುವುದಿಲ್ಲ, ಅದೇ ದಿನ ರಿಪೇರಿಯಾಗುತ್ತದೆ. ಬಳ್ಳಾರಿ ರಸ್ತೆಯ ಆಚೆ ಕೋಗಿಲು, ಮಾರುತಿನಗರ. ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಕೆಲಸ ಮಾಡುವವರಿಗೆ ಈ ಕಡೆ ಅನುಕೂಲ. ದಕ್ಷಿಣಕ್ಕೆ ಅಳ್ಳಾಳಸಂದ್ರ, ಜುಡಿಷಿಯಲ್ ಲೇಔಟ್, ಜಕ್ಕೂರು. ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಹಸಿರು ಹತ್ತಿರ, ಬಾಡಿಗೆ ಜಾಸ್ತಿ. ಉತ್ತರಕ್ಕೆ ದೊಡ್ಡಬಳ್ಳಾಪುರ ರಸ್ತೆ ಹಿಡಿದು ಹೋದರೆ ಪುಟ್ಟೇನಹಳ್ಳಿ, ಸಿಂಗನಾಯಕನಹಳ್ಳಿ, ರಾಜಾನುಕುಂಟೆ. ಅಲ್ಲೆಲ್ಲ ಹೊಸ ಲೇಔಟ್‌ಗಳು. ನಮ್ಮ ಮೊದಲ ಮನೆಯ ಕಥೆ ನಿಮಗೂ ಆಗದಿರಲಿ ಅಂದರೆ, ಆ ಕಡೆ ಮನೆ ನೋಡುವಾಗ ಸುತ್ತ ಜನ ಬಂದು ಎಷ್ಟು ವರ್ಷವಾಗಿದೆ, ಅಂಗಡಿ ಎಷ್ಟು ದೂರ ಅಂತ ಮೊದಲು ತಿಳಿದುಕೊಳ್ಳಿ.

ಎರಡು ಮೂರು ಕಡೆ ಮನಸ್ಸಿಗೆ ಹಿಡಿಸಿದ ಮೇಲೆ, ಹಗಲು ಮನೆಯಲ್ಲಿರುವವರನ್ನು ಕರೆದುಕೊಂಡು ಹೋಗಿ ಅಲ್ಲಿ ನಡೆಸಿ. ಮನೆ ತೋರಿಸುವುದು ಆಮೇಲೆ. 2018ರಲ್ಲಿ ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದು ಮಧ್ಯಾಹ್ನ ಹನ್ನೊಂದೂವರೆಗೆ. ಗೇಟಿನಿಂದ ಹಾಲಿನ ಬೂತಿಗೆ ನಡೆಯುತ್ತಾ ಹೋದೆವು, ಅವರದೇ ವೇಗದಲ್ಲಿ. ನಾಲ್ಕು ನಿಮಿಷ. ಫುಟ್‌ಪಾತಿನ ಕಲ್ಲು ಎರಡು ಕಡೆ ಎದ್ದಿತ್ತು, ಒಂದು ಕಡೆ ಟ್ರಾನ್ಸ್‌ಫಾರ್ಮರ್ ಅಡ್ಡ ಬಂದು ರಸ್ತೆಗೆ ಇಳಿಯಬೇಕಾಯಿತು. ದಾರಿಯಲ್ಲಿ ಒಂದು ಹೊಂಗೆ ಮರ, ಅದರ ಬುಡಕ್ಕೆ ಸಿಮೆಂಟಿನ ಕಟ್ಟೆ. ಅತ್ತೆ ಕೂತರು. ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಾ, "ಯಾರ ಮನೆಗೆ ಬಂದ್ರಿ ಅಜ್ಜಿ?" ಅಂದರು. ಅತ್ತೆ ನನ್ನ ಕಡೆ ತಿರುಗಿ, "ಇಲ್ಲೇ ಇರಲಿ ಬಿಡು" ಅಂದರು. ಮನೆಯ ಒಳಗೆ ಇನ್ನೂ ಕಾಲೇ ಇಟ್ಟಿರಲಿಲ್ಲ ಅವರು.

ನಡೆಯುವಾಗ ಇಷ್ಟು ಗಮನಿಸಿ. ಹಾಲು, ಸೊಪ್ಪು, ಔಷಧಿ, ಈ ಮೂರಕ್ಕೆ ಮುಖ್ಯರಸ್ತೆ ದಾಟಬೇಕಾ? ದಾಟಬೇಕಿದ್ದರೆ ವಯಸ್ಸಾದವರು ಎರಡು ತಿಂಗಳಲ್ಲಿ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ನಡುವೆ ಕೂರಲು ಎಲ್ಲಾದರೂ ಜಾಗ ಇದೆಯಾ? ತಳ್ಳುಗಾಡಿಯವರು ಆ ಬೀದಿಗೆ ಬರುತ್ತಾರಾ? ಪಾರ್ಕು ಹಗಲು ತೆರೆದಿರುತ್ತದಾ? 2024ರ ತನಕ ಬಹಳ ಪಾರ್ಕುಗಳಿಗೆ ಬೆಳಗ್ಗೆ ಹತ್ತಕ್ಕೆ ಬೀಗ ಬಿದ್ದರೆ ಮತ್ತೆ ತೆಗೆಯುತ್ತಿದ್ದುದು ಮಧ್ಯಾಹ್ನದ ಮೇಲೆ. ಮನೆಯ ಪಕ್ಕ ಪಾರ್ಕಿದೆ ಅಂತ ಬಾಡಿಗೆ ಜಾಸ್ತಿ ಕೊಡುವ ಮೊದಲು ಗೇಟಿನ ಮೇಲಿನ ಬೋರ್ಡು ಓದಿ.

ಇನ್ನು ನೀರು. ಇದಕ್ಕೆ ಅರ್ಧ ದಿನ ಕೊಟ್ಟರೂ ದಂಡವಿಲ್ಲ.

"ಕಾವೇರಿ ನೀರು ಇದೆ" ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಮೂರು ಥರ. ಬೀದಿಗೆ ಪೈಪು ಬಂದಿರುವುದು ಒಂದು, ಮನೆಗೆ ಕನೆಕ್ಷನ್ ತಗೊಂಡಿರುವುದು ಇನ್ನೊಂದು, ಆ ಕನೆಕ್ಷನ್‌ನಲ್ಲಿ ಸಂಪು ತುಂಬುವಷ್ಟು ನೀರು ಬರುವುದು ಮತ್ತೊಂದು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು, ಪಾಲಿಕೆಗೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಅದು. ಹೊರಗಿನ ಲೇಔಟ್‌ಗಳಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಕನೆಕ್ಷನ್‌ಗೆ ಮಾಲೀಕರು ದುಡ್ಡು ಕಟ್ಟಬೇಕು, ಎಲ್ಲರೂ ಕಟ್ಟಿಲ್ಲ. ಅದಕ್ಕೆ ಬಾಯಿಮಾತು ಬಿಟ್ಟು ಜಲಮಂಡಳಿಯ ಬಿಲ್ಲು ತೋರಿಸಿ ಅಂತ ಕೇಳಿ. ಆರ್‌ಆರ್ ನಂಬರ್, ಅಂದರೆ ಆ ಕನೆಕ್ಷನ್ನಿನ ಗ್ರಾಹಕ ಸಂಖ್ಯೆ, ಇರುವ ಈ ತಿಂಗಳ ಬಿಲ್ಲು ಇದ್ದರೆ ಕನೆಕ್ಷನ್ ಇದೆ ಅಂತ ಅರ್ಥ. ಎಷ್ಟು ಬಳಸಿದ್ದಾರೆ ಅಂತಲೂ ಅದರಲ್ಲೇ ಇರುತ್ತದೆ. ಮೂರು ಸಂಸಾರ ಇರುವ ಕಟ್ಟಡದ ಬಿಲ್ಲಿನಲ್ಲಿ ಬಳಕೆ ತೀರಾ ಕಮ್ಮಿ ಇದ್ದರೆ ಉಳಿದ ನೀರು ಬೋರ್‌ವೆಲ್‌ನದ್ದು ಅಥವಾ ಟ್ಯಾಂಕರಿನದ್ದು.

ಆಮೇಲೆ ನೀರು ಬಿಡುವ ವಾಲ್ವ್‌ಮನ್ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿ. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಬರುವ ಬೀದಿಗಳಿವೆ. ಸಂಪು ನೆಲದ ಮಟ್ಟದಲ್ಲಿದ್ದು ತಾನಾಗೇ ತುಂಬಿದರೆ ಪರವಾಗಿಲ್ಲ. ಇಲ್ಲವಾದರೆ ಎದ್ದು ಮೋಟಾರು ಹಾಕುವವರು ಯಾರು ಅಂತ ಈಗಲೇ ಯೋಚಿಸಿ.

ಮನೆಯೊಳಗೆ ಹೋದಾಗ ಬಚ್ಚಲಿನ ನಲ್ಲಿಯ ಬಾಯಿ ನೋಡಿ. ಬಿಳಿ ಸುಣ್ಣದ ಹಾಗೆ ಗಟ್ಟಿ ಕೂತಿದ್ದರೆ ಗಡಸು ನೀರು. ಟೈಲ್ಸು ತೊಳೆದು ಹೊಳೆಯುವ ಹಾಗೆ ಮಾಡಿರುತ್ತಾರೆ, ನಲ್ಲಿಯ ಬಾಯಿ ಮರೆತಿರುತ್ತಾರೆ. ಒಂದು ಬಾಟಲಿ ನೀರು ಹಿಡಿದು ತಂದು ಅದರಲ್ಲಿ ತೊಗರಿಬೇಳೆ ಬೇಯಿಸಿ ನೋಡಿ. ಗಡಸು ನೀರಿನಲ್ಲಿ ಬೇಳೆ ಎಷ್ಟು ಕೂಗಿಸಿದರೂ ಕರಗುವುದಿಲ್ಲ, ಕಾಳು ಕಾಳಾಗೇ ಇರುತ್ತದೆ. ನಮ್ಮ ಮೂರನೇ ಮನೆಯಲ್ಲಿ ಐದು ವರ್ಷ ಇದೇ ಪಾಡು. ಬೇಳೆಗೂ ಅಕ್ಕಿಗೂ ಕ್ಯಾನ್ ನೀರು ತರುತ್ತಿದ್ದೆವು. ತಿಂಗಳಿಗೆ ಅದರ ಖರ್ಚು ಸೇರಿಸಿದರೆ ಕಮ್ಮಿ ಬಾಡಿಗೆ ಕಮ್ಮಿಯಾಗಿ ಉಳಿಯಲಿಲ್ಲ.

2024ರ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ ಅಲ್ವಾ? ಆ ಮಾರ್ಚ್‌ನಲ್ಲಿ ಇಲ್ಲಿ ಏನಾಗಿತ್ತು ಅಂತ ಕೇಳಿ. "ಬೋರು ಬತ್ತಿತ್ತು, ಟ್ಯಾಂಕರ್ ಹಾಕಿಸಿದ್ವಿ" ಅಂದರೆ ಎಷ್ಟು ದಿನಕ್ಕೊಂದು, ದುಡ್ಡು ಯಾರು ಕೊಟ್ಟರು ಅಂತಲೂ ಕೇಳಿ. ಟ್ಯಾಂಕರ್ ದುಡ್ಡು ಮಾಲೀಕರದ್ದಾ ಬಾಡಿಗೆಯವರದ್ದಾ ಅನ್ನುವುದು ಅಗ್ರಿಮೆಂಟ್‌ನಲ್ಲಿ ಬರೆದಿರಬೇಕು. ಇಲ್ಲವಾದರೆ ಪ್ರತಿ ಬೇಸಿಗೆ ಜಗಳ.

ನೀರು ಇಲ್ಲದ ಕಷ್ಟದ ಹಾಗೆ ನೀರು ನುಗ್ಗುವ ಕಷ್ಟವೂ ಇದೆ. ಯಲಹಂಕದ ಸುತ್ತ ಕೆರೆಗಳೇ ಕೆರೆಗಳು. ಊರಿನ ಹೆಸರಿನಲ್ಲೇ ಸುಳಿವಿರುತ್ತದೆ. ಅಳ್ಳಾಳಸಂದ್ರದ "ಸಂದ್ರ" ಅಂದರೆ ಸಮುದ್ರ, ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಹಾಗೆ ಕರೆಯುತ್ತಿದ್ದರು. ವೀರಸಾಗರದ ಸಾಗರವೂ ಹಾಗೇ. ಯಲಹಂಕ ಕೆರೆ, ಅಳ್ಳಾಳಸಂದ್ರ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರು ಕೆರೆಯ ಕಡೆ ಹೋಗುತ್ತದೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ. ಆ ದಾರಿಯಲ್ಲಿ ಈಗ ಮನೆಗಳಿವೆ. ನೀರು ತನ್ನ ಹಳೇ ದಾರಿಯಲ್ಲೇ ಬರುತ್ತದೆ. 2021ರ ನವೆಂಬರ್‌ನಲ್ಲೂ, ಮತ್ತೆ 2024ರ ಅಕ್ಟೋಬರ್‌ನಲ್ಲೂ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದರು.

ನಮಗೆ ಆಗಿದ್ದು 2017ರ ಮಳೆಗಾಲದಲ್ಲಿ. 2013ರಿಂದ ನಾವಿದ್ದ ಮೂರನೇ ಮನೆ ತಗ್ಗಿನಲ್ಲಿತ್ತು. ನೋಡಲು ಹೋದಾಗ ಬೇಸಿಗೆ, ರಸ್ತೆ ಇಳಿಜಾರು ಅನ್ನುವುದೂ ತಲೆಗೆ ಹೋಗಲಿಲ್ಲ. ರಾತ್ರಿ ಒಂದು ಗಂಟೆಗೆ ಅತ್ತೆ ಕೂಗಿದರು. ಎದ್ದು ಕಾಲಿಟ್ಟರೆ ಪಾದ ಮುಳುಗುವಷ್ಟು ನೀರು, ಮೋರಿಯ ನೀರು. ಮಗಳ ಪುಸ್ತಕಗಳು ನೆಲದ ಮೇಲಿದ್ದವು. ಅಕ್ಕಿ ಮೂಟೆ ಕೆಳಗಿನಿಂದ ನೆನೆದಿತ್ತು. ಬೆಳಗ್ಗೆ ಮಾಲೀಕರು ಬಂದು, "ಇದೇ ಮೊದಲ ಸಲ" ಅಂದರು. ಎದುರು ಮನೆಯ ಕಾಂಪೌಂಡ್ ಗೋಡೆಯ ಮೇಲೆ ಮೂರು ಗೆರೆ ಇದ್ದವು, ಒಂದರ ಮೇಲೊಂದು, ಕಂದು ಬಣ್ಣದವು. ಕೆಳಗಿನ ಎರಡು ಹಳೆಯವು. ಮನೆ ನೋಡಲು ಬಂದ ದಿನ ನಾನು ಆ ಗೋಡೆಯ ಪಕ್ಕದಲ್ಲೇ ನಿಂತಿದ್ದೆ.

ಹಾಗಾಗಿ ಗೋಡೆ ನೋಡಿ. ಹೊಸ ಬಣ್ಣ ಬಳಿದ ಮನೆಯದ್ದಲ್ಲ, ಅಕ್ಕಪಕ್ಕದ ಮನೆಗಳದ್ದು, ಖಾಲಿ ಸೈಟಿನ ಗೋಡೆಯದ್ದು. ಗೇಟಿನ ಕೆಳಭಾಗ ಮಾತ್ರ ತುಕ್ಕು ಹಿಡಿದಿದೆಯಾ ನೋಡಿ. ಬಾಗಿಲ ಮುಂದೆ ಒಂದೂವರೆ ಅಡಿ ಎತ್ತರದ ಸಿಮೆಂಟ್ ಕಟ್ಟೆ ಎಲ್ಲ ಮನೆಗಳಿಗೂ ಇದ್ದರೆ, ಅದು ಸುಮ್ನೆ ಕಟ್ಟಿದ್ದಲ್ಲ. ಮನೆಗಿಂತ ರಸ್ತೆ ಎತ್ತರಕ್ಕೆ ಬಂದಿದೆಯಾ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಹಳೇ ಮನೆಗಳು ತಗ್ಗಿಗೆ ಬಿದ್ದಿರುತ್ತವೆ. ಮನೆ ಬೇಸಿಗೆಯಲ್ಲಿ ಇಷ್ಟವಾದರೂ, ಸಾಧ್ಯವಾದರೆ ಏಪ್ರಿಲ್ ಕೊನೆಯ ಒಂದು ಜೋರು ಮಳೆಗೆ ಕಾಯಿರಿ. ಮಳೆ ನಿಂತ ಅರ್ಧ ಗಂಟೆಗೆ ಗಾಡಿ ತೆಗೆದುಕೊಂಡು ಆ ಬೀದಿಗೆ ಹೋಗಿ ನಿಲ್ಲಿ. ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮನೆ ಅಥವಾ ಸೈಟು ಕೊಳ್ಳುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತು ನೋಡಿದರೆ ಸರ್ವೆ ನಂಬರ್ ಸಿಗುತ್ತದೆ, ಪಕ್ಕದಲ್ಲಿ ಕೆರೆ, ಹಳ್ಳ, ಖರಾಬು (ಸಾಗುವಳಿಗೆ ಬಾರದ ಜಮೀನು) ಇದೆಯಾ ತಿಳಿಯುತ್ತದೆ. 2015ರ ನಗರ ಮಹಾಯೋಜನೆಯಲ್ಲಿ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯ, ದರ್ಜೆ ನೋಡಿ 50, 25, 15 ಮೀಟರ್ ಜಾಗ ಬಿಡಬೇಕು ಅಂತ ಇತ್ತು. ಕಾಗದ ಎಷ್ಟು ಚೆನ್ನಾಗಿದ್ದರೂ ಕಾಲುವೆ ಪಕ್ಕದ ಸೈಟು ಬೇಡ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ, ಬೇಕು. ನಿಯಮದಂತೆ ಇರುವ ಆಸ್ತಿಯ ಎ ಖಾತಾನಾ, ನಿಯಮ ಪೂರ್ತಿ ಪಾಲಿಸದ ಆಸ್ತಿಯ ಬಿ ಖಾತಾನಾ ಅನ್ನುವುದನ್ನು ಖುದ್ದು ಕಾಗದ ನೋಡಿಯೇ ನಂಬಿ, ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪ್ರಮಾಣಪತ್ರ) ತೆಗೆಸಿ ವಕೀಲರಿಗೆ ತೋರಿಸಿ. ಇದನ್ನು ಉಳಿಸಬಹುದಾದ ಖರ್ಚು ಅಂದುಕೊಳ್ಳಬೇಡಿ.

ಸದ್ದಿನ ವಿಷಯ. ಯಲಹಂಕದ ವಾಯುನೆಲೆ ಹತ್ತಿರವಿದ್ದರೆ ಹೆಲಿಕಾಪ್ಟರ್, ವಿಮಾನದ ಸದ್ದು ಇದ್ದೇ ಇರುತ್ತದೆ. ದೊಡ್ಡವರಿಗೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ, ಹಗಲು ಮಲಗುವ ಕೂಸಿಗೆ ಆಗುವುದಿಲ್ಲ. ಏರೋ ಇಂಡಿಯಾ ವಿಮಾನ ಪ್ರದರ್ಶನ ಬೆಸ ವರ್ಷಗಳ ಫೆಬ್ರವರಿಯಲ್ಲಿ ಅಲ್ಲೇ ನಡೆಯುತ್ತದೆ. ಆ ವಾರ ಬಳ್ಳಾರಿ ರಸ್ತೆಯಲ್ಲಿ ಗಾಡಿ ಮುಂದೆ ಹೋಗುವುದಿಲ್ಲ. ಪ್ರದರ್ಶನದ ವಿಮಾನಗಳಿಗೆ ಹದ್ದುಗಳು ಅಡ್ಡ ಬರಬಾರದು ಅಂತ 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದ ಅಂಗಡಿಗಳನ್ನೆಲ್ಲ ಕೆಲವು ವಾರ ಮುಚ್ಚಿಸಿದ್ದರು. ಮಾಂಸದ ವ್ಯಾಪಾರ ಮಾಡುವವರು, ಹೋಟೆಲ್ ಇಡುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ರೈಲ್ವೆ ಹಳಿಯ ಪಕ್ಕದ ಬೀದಿಗಳಲ್ಲಿ ರಾತ್ರಿ ಗೂಡ್ಸ್ ರೈಲು ಹೋಗುತ್ತದೆ. ಅಲ್ಲಿ ಮನೆ ನೋಡುವುದಿದ್ದರೆ ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ನಿಂತು ಬನ್ನಿ.

ಓಡಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲರೂ ನೋಡಿಯೇ ನೋಡುತ್ತಾರೆ. ಒಂದೇ ಎಚ್ಚರಿಕೆ. "ಮೆಟ್ರೋ ಬರುತ್ತೆ" ಅಂತ ಬ್ರೋಕರ್‌ಗಳು ಬಾಡಿಗೆ ಏರಿಸುತ್ತಾರೆ. ವಿಮಾನ ನಿಲ್ದಾಣದ ನೀಲಿ ಮಾರ್ಗದ ಯಲಹಂಕ ಸ್ಟೇಷನ್ ಬರುವುದು ಬಳ್ಳಾರಿ ರಸ್ತೆಯಲ್ಲಿ. ಉಪನಗರದಿಂದ, ಅಟ್ಟೂರಿನಿಂದ ಅಲ್ಲಿಗೆ ಬಸ್ಸೋ ಆಟೋನೋ ಹಿಡಿಯಲೇಬೇಕು. ಬರುವ ಮೆಟ್ರೋಗೆ ಇವತ್ತೇ ದುಡ್ಡು ಕೊಡಬೇಡಿ. ಬಸ್ಸಿನ ವಿಷಯದಲ್ಲಿ ಉಪನಗರ ಪುಣ್ಯ ಮಾಡಿದೆ, ಕೆಂಗೇರಿವರೆಗೆ 401ಕೆ ಹೋಗುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ನನ್ನ ಜೊತೆಯ ಟೀಚರ್ ಒಬ್ಬರಿಗೆ ಬಸ್ ಸ್ಟಾಪಿಗೆ ಐದು ನಿಮಿಷದ ಮನೆ ಸಿಕ್ಕಿ ತಿಂಗಳ ಪೆಟ್ರೋಲ್ ಖರ್ಚು ಪೂರ್ತಿ ಉಳಿಯಿತು.

ಬಸ್ ಸ್ಟಾಪಿನಿಂದ ಮನೆಗೆ ರಾತ್ರಿ ಎಂಟೂವರೆಗೆ ಒಬ್ಬರೇ ನಡೆದು ನೋಡಿ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ. ಬೀದಿದೀಪ ಎಷ್ಟು ಉರಿಯುತ್ತಿವೆ ಎಣಿಸಿ. ಅದಕ್ಕಿಂತ ಮುಖ್ಯವಾಗಿ ತೆರೆದಿರುವ ಅಂಗಡಿಗಳನ್ನು ಎಣಿಸಿ. ಒಂದು ಚಾಟ್ಸ್ ಗಾಡಿ, ಒಂದು ಮೆಡಿಕಲ್ ಸ್ಟೋರ್, ಒಂದು ಇಸ್ತ್ರಿ ಅಂಗಡಿ ಇದ್ದರೆ ನನ್ನ ಮಗಳು ಧೈರ್ಯವಾಗಿ ಬರುತ್ತಾಳೆ.

ಇಸ್ತ್ರಿ ಅಂಗಡಿ ಅಂದೆನಲ್ಲ, ಬೀದಿಯ ಬಗ್ಗೆ ಯಾರನ್ನಾದರೂ ಕೇಳುವುದಿದ್ದರೆ ಅವರನ್ನೇ ಕೇಳಿ. ಮೂಲೆಯಲ್ಲಿ ದಿನವಿಡೀ ನಿಂತಿರುತ್ತಾರೆ, ಎಲ್ಲರ ಮನೆಗೂ ಹೋಗಿ ಬರುತ್ತಾರೆ. ನಾನು ಎರಡು ಸೀರೆ ಇಸ್ತ್ರಿಗೆ ಕೊಟ್ಟು, "ಅಣ್ಣ, ಆ ಹಸಿರು ಗೇಟಿನ ಮನೆ ನೋಡ್ತಾ ಇದ್ದೀವಿ, ಹೇಗೆ?" ಅಂತ ಕೇಳಿದ್ದೆ. ಅವರು ಪೆಟ್ಟಿಗೆಯ ಕೆಂಡ ಕೆದಕುತ್ತಾ, "ನೀರಿಗೇನೂ ತೊಂದ್ರೆ ಇಲ್ಲಕ್ಕ. ಆದ್ರೆ ಎರಡು ವರ್ಷದಲ್ಲಿ ಮೂರು ಸಂಸಾರ ಬಂದು ಹೋದ್ವು" ಅಂದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮನೆ ಬಿಟ್ಟೆವು. ಅದೇ ಬೀದಿಯಲ್ಲಿ ಆರು ಮನೆ ಆಚೆ ಈಗಿನ ಮನೆ ಸಿಕ್ಕಿತು, ಅದನ್ನು ತೋರಿಸಿದ್ದೂ ಅವರೇ.

ಇನ್ನೊಂದು ಮಾತು ಹೇಳಲು ಬೇಜಾರು, ಆದರೂ ಹೇಳಬೇಕು. ಮನೆ ಕೊಡುವ ಮೊದಲು "ನೀವು ವೆಜ್ಜಾ, ಯಾವ ಜನ?" ಅಂತ ಕೇಳುವವರು ಈಗಲೂ ಇದ್ದಾರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಹೆಂಡತಿ, ಕೂಸನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಈ ಪ್ರಶ್ನೆ ಕೇಳಿಸಿಕೊಂಡು ವಾಪಸ್ ಬಂದ. ಇದು ತಪ್ಪು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಸಿಲಲ್ಲಿ ಮಗು ಎತ್ತಿಕೊಂಡು ಹೋಗಿ ಅವಮಾನ ಮಾಡಿಸಿಕೊಳ್ಳುವುದು ಬೇಡ. ಫೋನಿನಲ್ಲೇ ನೀವಾಗಿ ಕೇಳಿಬಿಡಿ. ಹಾಗೆ ಕೇಳದ ಮಾಲೀಕರು ಎಲ್ಲ ಏರಿಯಾದಲ್ಲೂ ಇದ್ದಾರೆ, ಅಂಥವರ ಮನೆ ಸಿಕ್ಕಿದ ಮೇಲೆ ಅವನು ಆರು ವರ್ಷದಿಂದ ಅಲ್ಲೇ ಇದ್ದಾನೆ.

ಅಡ್ವಾನ್ಸ್ ಹಿಂದೆಲ್ಲ ಹತ್ತು ತಿಂಗಳದ್ದು, ಈಗ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ, ಕೇಳುವುದರಲ್ಲಿ ನಾಚಿಕೆ ಬೇಡ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿಯುತ್ತಾರೆ, ಪ್ರತಿ ಹನ್ನೊಂದು ತಿಂಗಳಿಗೆ ಬಾಡಿಗೆ ಎಷ್ಟು ಏರುತ್ತದೆ, ಇವೆರಡೂ ಅಗ್ರಿಮೆಂಟ್‌ನಲ್ಲಿ ಅಂಕಿಯಲ್ಲೇ ಇರಲಿ. ಭೋಗ್ಯಕ್ಕೆ ಹಾಕಿಕೊಳ್ಳುವವರು ತುಂಬಾ ಹುಷಾರಾಗಿರಿ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕರು ಕಂತು ಕಟ್ಟದಿದ್ದರೆ, ನೀವು ಕೊಟ್ಟ ಲಕ್ಷಗಳ ಗತಿ ಏನು? ಇಸಿ ನೋಡದೆ, ನೋಂದಣಿ ಮಾಡಿಸದೆ ಭೋಗ್ಯದ ದುಡ್ಡು ಕೊಡಲೇಬೇಡಿ. ನನ್ನ ಅಕ್ಕನ ಮಗ ಹಾಗೆ ಕೊಟ್ಟ ದುಡ್ಡು ವಾಪಸ್ ಬರಲು ನಾಲ್ಕು ವರ್ಷ ಹಿಡಿಯಿತು.

ಈ ವಾರ ಕಡೂರಿನಿಂದ ಒಬ್ಬರು ಫೋನು ಮಾಡಿದ್ದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮನೆಯಲ್ಲಿ ಅವರ ತಂದೆ, ಕಣ್ಣಿನ ಆಪರೇಷನ್ ಆಗಿದೆ. ಅಟ್ಟೂರಿನಲ್ಲಿ ಮೂರನೇ ಮಹಡಿಯ ಮನೆ ನೋಡಿದ್ದಾರೆ, ಲಿಫ್ಟ್ ಇಲ್ಲ, ಉಳಿದದ್ದೆಲ್ಲ ಚೆನ್ನಾಗಿದೆಯಂತೆ. ಭಾನುವಾರ ತಂದೆಯವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಬೆಳಗ್ಗೆ ಹತ್ತಕ್ಕೆ ಎಲ್ಲರೂ ಸೇರಿ ಹಾಲಿನ ಬೂತಿನವರೆಗೆ ನಡೆದು, ಆಮೇಲೆ ಅವರಿಂದ ಮೆಟ್ಟಿಲು ಹತ್ತಿಸಿ ನೋಡುತ್ತೇವೆ. ನಮ್ಮ ಬೀದಿಯಲ್ಲೂ ಒಂದು ನೆಲಮಹಡಿ ಖಾಲಿಯಾಗುತ್ತಿದೆ ಅಂತ ಇಸ್ತ್ರಿ ಅಂಗಡಿಯ ಅಣ್ಣ ನಿನ್ನೆ ಹೇಳಿದರು.